ನಾನು ಬರೆಯದ ಹೆಸರು

ನಾನು ಒಂದು ಕನ್ನಡ ಟೈಪ್‌ರೈಟರ್. ಹೀಗೆ ಹೇಳಿಕೊಳ್ಳಲು ನನಗೇ ಮುಜುಗರವಾಗುತ್ತದೆ. ಜೀವಮಾನವೆಲ್ಲ 'ನಾನು', 'ನಾನು' ಎಂದು ಬರೆದದ್ದೇ ಬರೆದದ್ದು, ಆದರೆ ಒಂದು ಸಲವೂ ಅದು ನನ್ನ 'ನಾನು' ಆಗಿರಲಿಲ್ಲ. ಎಲ್ಲ ಕಟಕಟೆಯಲ್ಲಿ ನಿಂತವರದು. ಹಾಗೆ ಬರೆದು ಬರೆದು ನನ್ನ 'ನ' ಅಕ್ಷರದ ಅಚ್ಚು ಮಿಕ್ಕೆಲ್ಲಕ್ಕಿಂತ ಮೊದಲು ಸವೆದು ಹೋಯಿತು. ಈಗ ಬಿಡುವಾಗಿದ್ದೇನೆ, ನನ್ನದನ್ನೂ ಒಂದಿಷ್ಟು ಹೇಳುತ್ತೇನೆ.

ನಾನು ಹುಟ್ಟಿದ್ದು ಮುಂಬಯಿ ಕಡೆಯ ಒಂದು ಕಾರ್ಖಾನೆಯಲ್ಲಿ. ನನ್ನ ಒಡಹುಟ್ಟಿದವರಲ್ಲಿ ಹೆಚ್ಚಿನವರು ಇಂಗ್ಲಿಷಿನವರು. ಸರಕಾರ ಇನ್ನು ಮೇಲೆ ಕನ್ನಡದಲ್ಲೇ ಕಾಗದಪತ್ರ ನಡೆಯಬೇಕು ಎಂದು ಹೊರಟ ಕಾಲ ಅದು. ಹಾಗಾಗಿ ಅದೇ ಕಬ್ಬಿಣದ ಮೈಗೆ ಕನ್ನಡದ ಅಚ್ಚು ಕೂರಿಸಿ ನನ್ನನ್ನು ಬೇರೆ ಮಾಡಿದರು. ಕೂರಿಸಿದ ಮಿಸ್ತ್ರಿಗೆ ಕನ್ನಡದ ಗಂಧವಿರಲಿಲ್ಲ. 'ಲ'ವನ್ನು ತಲೆಕೆಳಗು ಮಾಡಿ ಕೂರಿಸಿದ್ದ, ಯಾರೋ ನೋಡಿ ನಕ್ಕ ಮೇಲೆ ತಿರುಗಿಸಿದ. ಆಮೇಲೆ ಮರದ ಪೆಟ್ಟಿಗೆ, ಹುಲ್ಲು, ರೈಲು, ಬಸ್ಸಿನ ಮಾಳಿಗೆ. ಕೃಷ್ಣೆಯ ಈಚೆ ದಂಡೆಯ ಒಂದು ತಾಲೂಕು ಊರಿನ ಮುನ್ಸೀಫ್ ಕೋರ್ಟಿನಲ್ಲಿ ಪೆಟ್ಟಿಗೆ ಒಡೆದರು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಅನ್ನ ಉಂಡಿದ್ದೇನೆ, ಅಂದರೆ ಅಲ್ಲಿಯ ಎಣ್ಣೆ ಕುಡಿದಿದ್ದೇನೆ.

ನನ್ನ ಜಾಗ ನ್ಯಾಯಾಧೀಶರ ಪೀಠದ ಕೆಳಗೆ, ಎಡಕ್ಕೆ, ಒಂದು ಗಿಡ್ಡ ಮೇಜಿನ ಮೇಲೆ. ಅಲ್ಲಿಂದ ಸಾಹೇಬರ ಮುಖ ಪೂರ್ತಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಗದ್ದ ಮಾತ್ರ. ನಾನು ಮನುಷ್ಯರನ್ನು ಓದಿದ್ದು ಗದ್ದದಿಂದಲೇ, ನಗಬೇಡಿ. ಗದ್ದವೂ ಬಹಳ ಹೇಳುತ್ತದೆ.

ನನ್ನ ಎದುರು ಕೂರುತ್ತಿದ್ದವರು ದಸ್ತಗೀರಸಾಬ್, ಕೋರ್ಟಿನ ಟೈಪಿಸ್ಟ್. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್. ಬೆಳಿಗ್ಗೆ ಬಂದವರೇ ನನ್ನ ಮೇಲಿನ ಬಟ್ಟೆ ತೆಗೆದು, "ಏಳವ್ವಾ, ಮಂದಿ ಬಂದ್ರು," ಎನ್ನುತ್ತಿದ್ದರು. ಅವರ ಕೈ ಹಗುರ. ಮೂವತ್ತು ವರ್ಷದಲ್ಲಿ ಒಂದು ದಿನವೂ ನನ್ನನ್ನು ಗುದ್ದಲಿಲ್ಲ. ಒಂದು ದಿನ ಬಿಟ್ಟು, ಅದನ್ನು ಮುಂದೆ ಹೇಳುತ್ತೇನೆ.

ಕೋರ್ಟಿನಲ್ಲಿ ಸಾಕ್ಷಿ ಬರೆದುಕೊಳ್ಳುವ ರೀತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ವಕೀಲರು ಪ್ರಶ್ನೆ ಕೇಳುತ್ತಾರೆ, ಸಾಕ್ಷಿ ಉತ್ತರ ಕೊಡುತ್ತಾನೆ. ನ್ಯಾಯಾಧೀಶರು ಎರಡನ್ನೂ ಸೇರಿಸಿ ಒಂದು ವಾಕ್ಯ ಮಾಡಿ ಗಟ್ಟಿಯಾಗಿ ಹೇಳುತ್ತಾರೆ, ನಾವು ಹೊಡೆಯುತ್ತೇವೆ. "ನಿನ್ನ ಹೊಲದಾಗ ಬಾವಿ ಐತೇನು?" ಎಂದು ವಕೀಲರು ಕೇಳಿದರು, "ಇಲ್ರಿ" ಎಂದು ಸಾಕ್ಷಿ ಅಂದ ಎಂದುಕೊಳ್ಳಿ. ಹಾಳೆಯ ಮೇಲೆ ಬರುವುದು, 'ನನ್ನ ಹೊಲದಲ್ಲಿ ಬಾವಿ ಇರುವುದಿಲ್ಲ.' ಪ್ರಶ್ನೆ ಮಾಯ. ಓದಿದವರಿಗೆ ಆ ಮನುಷ್ಯ ತಾನಾಗಿಯೇ ಬಂದು ಅಷ್ಟೂ ಹೇಳಿ ಹೋದ ಎನ್ನಿಸಬೇಕು. ಒಂದೇ ಒಂದು ಬಗೆಯ ಪ್ರಶ್ನೆಗೆ ಹಾಳೆಯಲ್ಲಿ ಜಾಗವಿತ್ತು. ಪೀಠದ ಮೇಲೆ ಕೂತವರೇ ಬಾಯಿಬಿಟ್ಟು ಕೇಳಿದರೆ ಅದನ್ನು ಬೇರೆ ಸಾಲಿನಲ್ಲಿ, 'ನ್ಯಾಯಾಲಯದ ಪ್ರಶ್ನೆ' ಎಂದು ಬರೆದು ಹೊಡೆಯಬೇಕಿತ್ತು.

ನನ್ನ ಮೊದಲ ಸಾಹೇಬರು ಗಲಗಲಿಯವರು. ಅವರ ಕಾಲದಲ್ಲಿ ನನಗೆ 'ನ್ಯಾಯಾಲಯದ ಪ್ರಶ್ನೆ' ಎಂದು ಹೊಡೆದು ಹೊಡೆದು ಸಾಕಾಗಿತ್ತು. ಕುರ್ಚಿಯ ತುದಿಗೆ ಬಂದು, ಗದ್ದ ಮುಂದೆ ಚಾಚಿ ಕೂರುತ್ತಿದ್ದರು. ವಕೀಲರು ಒಂದು ಕೇಳಿದರೆ ಅವರು ಮೂರು ಕೇಳುವರು. "ಎರಡ ಹುಂಜಾ ಜಗಳಕ್ಕ ಬಿಟ್ಟು ಯಾವದ ಗೆಲ್ತೈತಿ ನೋಡ್ಕೋತ ಕೂಡಾಕ ನನ್ನ ಇಲ್ಲಿ ಕಳಿಸಿಲ್ಲ," ಎಂದು ವಕೀಲರ ಮುಖಕ್ಕೇ ಹೇಳುತ್ತಿದ್ದರು. "ಖರೇ ಏನೈತಿ ಅದನ್ನ ಹುಡಕಾಕ ಕಳಿಸ್ಯಾರ."

ಒಮ್ಮೆ ಒಂದು ಕ್ರಯಪತ್ರದ ಜಗಳ ಬಂತು. ಮನೆ ಮಾರಿದ ಮುದುಕ ತನ್ನ ಎಡಗೈ ಹೆಬ್ಬೆಟ್ಟು ಒತ್ತಿದ್ದಾನೆ ಎಂದು ಒಂದು ಕಡೆಯವರು, ಒತ್ತಿಲ್ಲ ಎಂದು ಮುದುಕ. ನಾಲ್ಕು ದಿನ ವಕೀಲರು ಕಾಯಿದೆ ಪುಸ್ತಕ ಎಸೆದಾಡಿದರು. ಐದನೆಯ ದಿನ ಗಲಗಲಿಯವರು, "ಅಜ್ಜಾ, ಎಡಗೈ ಮ್ಯಾಲ ಎತ್ತು ನೋಡೂಣು," ಎಂದರು. ಮುದುಕ ಎತ್ತಿದ. ಹೆಬ್ಬೆಟ್ಟೇ ಇರಲಿಲ್ಲ. ಕಬ್ಬಿನ ಗಾಣಕ್ಕೆ ಸಿಕ್ಕು ಪತ್ರ ಹುಟ್ಟುವ ಹತ್ತು ವರ್ಷ ಮೊದಲೇ ಹೋಗಿತ್ತಂತೆ. "ಇದನ್ನ ಯಾಕ ಹೇಳಲಿಲ್ಲೋ?" ಎಂದರೆ, "ಯಾರೂ ಕೇಳಲಿಲ್ರೀ," ಎಂದ. ಇಡೀ ಕೋರ್ಟು ನಕ್ಕಿತು. ಆ ದಿನ ನಾನು ಗಲಗಲಿಯವರ ಭಕ್ತೆಯಾದೆ.

ಆದರೆ ಕೇಳುವ ಬಾಯಿಗೆ ಬ್ರೇಕು ಇರುವುದಿಲ್ಲ. ಕುರಿ ಸಾಕುವ ಹಾಲಪ್ಪ ಎಂಬುವನ ಮೇಲೆ ಪಕ್ಕದ ಮನೆಯವನು ದಾವೆ ಹಾಕಿದ್ದ, ಕುರಿದಡ್ಡಿಯ ಗೋಡೆಯನ್ನು ತನ್ನ ಜಾಗಕ್ಕೆ ಸರಿಸಿ ಕಟ್ಟಿದ್ದಾನೆ ಎಂದು. ಗಲಗಲಿಯವರಿಗೆ ಅಂದು ಯಾಕೋ ಹಾಲಪ್ಪನ ಮುಖ ನೋಡಿದೊಡನೆ ಇವನೇ ಕಳ್ಳ ಎನ್ನಿಸಿಬಿಟ್ಟಿತು. ವಕೀಲರನ್ನು ಕೂರಿಸಿ ತಾವೇ ಹಿಡಿದುಕೊಂಡರು. "ಖರೇ ಹೇಳು! ಸರಿಸಿ ಕಟ್ಟಿ ಹೌದಿಲ್ಲೋ? ನನ್ನ ಮುಂದ ಸುಳ್ಳು ನಡಿಯಂಗಿಲ್ಲ!" ಹಾಲಪ್ಪ ಊರ ಲೆಕ್ಕ ಬರೆಯುವ ತಲಾಟಿಯ ಮುಂದೆ ನಿಂತರೂ ನಡುಗುವವನು. ಪೀಠದಿಂದಲೇ ಗದರಿಕೆ ಬಂದ ಮೇಲೆ ಅವನ ಜೀವ ಬಾಯಿಗೆ ಬಂತು. "ಹೌದ್ರಿ ಸಾಹೇಬ್ರ, ನೀವು ಹೇಳಿದಂಗ," ಎಂದ. 'ಹೌದು' ಎಂಬುದನ್ನು ನಾನು ಬರೆದೆ. 'ನೀವು ಹೇಳಿದಂಗ' ಎಂಬುದನ್ನು ಸಾಹೇಬರು ಹೇಳಲಿಲ್ಲ, ನಾನು ಬರೆಯಲಿಲ್ಲ. ಗೋಡೆ ಬಿತ್ತು. ಎರಡು ವರ್ಷದ ಮೇಲೆ ಜಿಲ್ಲಾ ಕೋರ್ಟು ಆ ತೀರ್ಪನ್ನು ಹೊಡೆದುಹಾಕಿತು. ನ್ಯಾಯಾಧೀಶರೇ ಒಂದು ಕಡೆಯ ವಕೀಲರಾಗಿ ಅಂಜಿಸಿ ಒಪ್ಪಿಸಿದ್ದಾರೆ ಎಂದು ಕಟುವಾಗಿ ಬರೆದಿದ್ದರಂತೆ. ಅಷ್ಟರಲ್ಲಿ ಹಾಲಪ್ಪ ತೀರಿಕೊಂಡಿದ್ದ. ಆ ಕಾಗದ ಬಂದ ದಿನ ಗಲಗಲಿಯವರ ಗದ್ದ ಎದೆಗೆ ಅಂಟಿಕೊಂಡಿತ್ತು. ಮನುಷ್ಯ ಒಳ್ಳೆಯವರು, ಬಹಳ ನೊಂದರು.

ಅದೇ ಹೊತ್ತಿಗೆ ತಂಗೆವ್ವನ ದಾವೆ ಬಂತು.

ತಂಗೆವ್ವ ಐವತ್ತರ ಆಸುಪಾಸಿನ ಹೆಂಗಸು. ಗುಳೇದಗುಡ್ಡದ ಕುಪ್ಪಸ, ಸೆರಗು ಯಾವಾಗಲೂ ತಲೆಯ ಮೇಲೆ. ಸಂತೆಪೇಟೆಯಲ್ಲಿ ತಾಸಿನ ಲೆಕ್ಕದಲ್ಲಿ ಸೈಕಲ್ ಕೊಡುತ್ತಿದ್ದ ಸೋಮಲಿಂಗಪ್ಪನನ್ನು ಊರಲ್ಲಿ ಎಲ್ಲರೂ ಬಲ್ಲರು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಅವನು ಹೆಂಡತಿ ಸತ್ತವನು, ಈಕೆ ಗಂಡ ಸತ್ತವಳು. ಹದಿನೇಳು ವರ್ಷದ ಹಿಂದೆ ಉಡಿಕೆ ಮಾಡಿಕೊಂಡಿದ್ದರು. ಉಡಿಕೆಯೆಂದರೆ ನಮ್ಮ ಕಡೆ ವಿಧವೆಯರು ಮಾಡಿಕೊಳ್ಳುವ ಮರುಮದುವೆ. ಅದಕ್ಕೆ ಹಂದರವಿಲ್ಲ, ವಾಲಗವಿಲ್ಲ, ಲಗ್ನಪತ್ರಿಕೆಯಿಲ್ಲ. ದೀಪ ಹಚ್ಚುವ ಹೊತ್ತಿಗೆ ಇಬ್ಬರು ಹಿರಿಯರು ಕೂತು ಒಂದು ಸೀರೆ ಉಡಿಸಿದರೆ ಮುಗಿಯಿತು. ಆ ಇಬ್ಬರಲ್ಲಿ ಒಬ್ಬರು ಸತ್ತಿದ್ದರು. ಇನ್ನೊಬ್ಬರಿಗೆ ಇದ್ದಕ್ಕಿದ್ದಂತೆ ಮರೆವು ಬಂದಿತ್ತು.

ಸೋಮಲಿಂಗಪ್ಪ ತೀರಿಕೊಂಡ ಹದಿಮೂರನೆಯ ದಿನ ಅವನ ತಮ್ಮ ಮಹಾರುದ್ರಪ್ಪ ಬಂದು ಅಂಗಡಿಗೆ ಬೀಗ ಹಾಕಿದ. "ನೀ ಅಡಿಗಿ ಮಾಡಾಕ ಇದ್ದಾಕಿ. ಅಣ್ಣ ಹ್ವಾದಾ, ನಿನ್ನ ಕೆಲಸಾನೂ ಮುಗೀತು," ಎಂದ. ತಂಗೆವ್ವ ದಾವೆ ಹಾಕಿದ್ದು ಅದಕ್ಕೆ. ಮನೆ ಬೇಕಿತ್ತು, ಇಲ್ಲವೆನ್ನುವುದಿಲ್ಲ. ಆದರೆ ತನ್ನ ವಕೀಲರಾದ ಯಲಿಗಾರರಿಗೆ ಆಕೆ ಹೇಳಿದ್ದನ್ನು ನಾನು ಕೇಳಿದ್ದೇನೆ. "ಮನಿ ಬಂದ್ರ ಬರಲಿ, ಬಿಟ್ರ ಬಿಡಲಿ ವಕೀಲ್ರ. ನಾ ಅವರ ಹೇಣ್ತಿ ಅಂತ ಒಂದ ಕಾಗದದ ಮ್ಯಾಲ ಬರಸ್ರಿ. ಹದಿನೇಳ ವರ್ಷ ಇದ್ದಾಕಿನ್ನ ಅಡಿಗ್ಯಾಕಿ ಅಂದ್ರ ಹೆಂಗ ತಡಕೋಳ್ಲಿ?"

ಮೊದಲ ದಿನವೇ ಗಲಗಲಿಯವರು ಇಬ್ಬರನ್ನೂ ಕರೆದು ನಿಲ್ಲಿಸಿಕೊಂಡು ನೋಡಿದರು. ಹಾಲಪ್ಪನ ಪೆಟ್ಟು ಇನ್ನೂ ಹಸಿ ಇತ್ತು, ದನಿ ಏರಿಸಲಿಲ್ಲ. "ಈ ಹೆಣ್ಮಗಳ ಸಾಕ್ಷಿ ನಾನ ತಗೋತೀನಿ. ಸಾವಕಾಶ ತಗೋತೀನಿ," ಎಂದರು. ತಾರೀಕು ಕೊಟ್ಟರು. ಆ ತಾರೀಕು ಬರುವ ಮೊದಲು ಅವರ ವರ್ಗಾವಣೆ ಆದೇಶ ಬಂತು. ಮೂರು ತಿಂಗಳ ಅಂತರ, ಅಷ್ಟೇ. ಮೂರು ತಿಂಗಳು ಮೊದಲು ಆಕೆ ಕಟಕಟೆ ಹತ್ತಿದ್ದರೆ ಎಂದು ನಾನು ಎಷ್ಟು ಸಲ ಮರುಗಿದ್ದೇನೋ ಲೆಕ್ಕವಿಲ್ಲ.

ಹೊಸ ಸಾಹೇಬರು ತಿರುನಾರಾಯಣ ಅವರು, ಮೈಸೂರು ಕಡೆಯವರು. ಕೋಟಿನ ಗುಂಡಿ ಎಲ್ಲ ಹಾಕಿ, ಬೆನ್ನು ಕುರ್ಚಿಗೆ ಆನಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂರುವವರು. ಗದ್ದ ಅಲುಗಾಡುತ್ತಿದ್ದದ್ದು ಸಾಕ್ಷಿ ಹೇಳಿ ಬರೆಸುವಾಗ ಮಾತ್ರ. ಬಂದ ವಾರದಲ್ಲೇ ಹಾಲಪ್ಪನ ಕಡತ ತರಿಸಿ, ಮೊದಲಿನಿಂದ ಕೊನೆಯವರೆಗೆ ಓದಿ, ದಸ್ತಗೀರಸಾಬರನ್ನು ಕರೆದರು.

"ಆ ಮನುಷ್ಯ ಬದುಕಿದ್ದಾನೆಯೇ?"

"ಇಲ್ರಿ. ತೀರ್ಕೊಂಡಾನ."

ಕಡತದ ಕಟ್ಟು ಬಿಗಿದು ಪಕ್ಕಕ್ಕಿಟ್ಟರು. ಆಮೇಲೆ, "ನೋಡಿ, ನ್ಯಾಯಾಲಯದ ಪ್ರಶ್ನೆ ಅಂತ ಈ ಮೆಷಿನ್ನಿನಲ್ಲಿ ಇನ್ನು ಹೊಡೆಯೋದು ಬೇಡ. ತಕ್ಕಡಿ ಹಿಡಿದೋನು ತಟ್ಟೆಗೆ ಕೈ ಹಾಕಬಾರದು. ಅವರವರ ಪುರಾವೆ ಅವರವರು ತರಲಿ. ನಾನು ತೂಗ್ತೀನಿ, ಅಷ್ಟೇ," ಎಂದರು.

ಮೊದಮೊದಲು ನನಗೂ ಹಿತವಾಗಿತ್ತು. ಕೋರ್ಟಿನಲ್ಲಿ ಗದರಿಕೆ ನಿಂತಿತು. ಬಡವನೂ ಶ್ರೀಮಂತನೂ ಅವರಿಂದ ಒಂದೇ ಅಳತೆಯ ಮೌನ ಪಡೆಯುತ್ತಿದ್ದರು. ಹೇಳಿದ ಮಾತನ್ನು ಒಂದು ಕೂದಲೆಳೆ ಆಚೀಚೆ ಮಾಡದೆ ಬರೆಸುತ್ತಿದ್ದರು. ನನ್ನ ಆಯುಸ್ಸಿನಲ್ಲೇ ಅಷ್ಟು ಅಚ್ಚುಕಟ್ಟಾದ ಸಾಕ್ಷಿಗಳನ್ನು ನಾನು ಬರೆದಿರಲಿಲ್ಲ. ಊರಿನ ವಕೀಲರು ಮಾತ್ರ ಅವರಿಗೆ 'ಗೋಡೆಗಡಿಯಾರ' ಎಂದು ಹೆಸರಿಟ್ಟರು, ತಾಸಿಗೊಮ್ಮೆ ಹೊಡೆಯುತ್ತದೆ, ಮಿಕ್ಕ ಹೊತ್ತು ನೋಡುತ್ತಿರುತ್ತದೆ ಎಂದು.

ತಂಗೆವ್ವ ಕಟಕಟೆ ಹತ್ತಿದ್ದು ಒಂದು ಬೇಸಗೆಯ ಮಧ್ಯಾಹ್ನ. ಯಲಿಗಾರರು ಕೇಳಿದ್ದಕ್ಕೆಲ್ಲ ಚೆನ್ನಾಗಿಯೇ ಹೇಳಿದಳು. ಉಡಿಕೆಯ ಸೀರೆಯ ಬಣ್ಣ ಹೇಳಿದಳು, ಜಡ್ಡಿನಲ್ಲಿ ಗಂಡನಿಗೆ ಗಂಜಿ ಕುಡಿಸಿದ್ದು ಹೇಳಿದಳು. ಆಮೇಲೆ ಮಹಾರುದ್ರಪ್ಪನ ವಕೀಲರು ಎದ್ದರು. ಕರಡಿ ಎಂದು ಅವರ ಅಡ್ಡಹೆಸರು. ಘಾಟಿ ಮನುಷ್ಯ.

"ಉಡಿಕಿ ಯಾವ ವಾರ ಆತು?"

"ಐತ್ವಾರದ ಮರುದಿನ್ರಿ."

"ಅಂದ್ರ ಯಾವ ವಾರ?"

"ಐತ್ವಾರ ಆದಮ್ಯಾಲ ಬರೂದ್ರಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. "ವಾರದ ಹೆಸರೂ ಬರಂಗಿಲ್ಲಾ," ಎಂದು ಕರಡಿಯವರೂ ನಕ್ಕರು. "ಹೋಗ್ಲಿ ಬಿಡು. ಗಂಡ ಗಂಡ ಅಂತೀ ಅಲಾ, ಆ ಮನಷ್ಯಾನ ಹೆಸರರ ಹೇಳು."

ತಂಗೆವ್ವ ಸೆರಗು ಮುಂದೆ ಎಳೆದುಕೊಂಡಳು. "ಸೈಕಲ್ ಅಂಗಡಿಯವರ್ರಿ."

"ಊರಾಗ ನಾಕ ಸೈಕಲ್ ಅಂಗಡಿ ಅದಾವು. ಹೆಸರು?"

ಆಕೆ ಸುಮ್ಮನಾದಳು.

ಈ ಊರಿನಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಆ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಯಿಂದ ಆಡುತ್ತಿರಲಿಲ್ಲ. ಆಡಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ, ಸತ್ತ ಮೇಲೆ ಆಡಿದರೆ ಅವನಿಗೆ ಅಲ್ಲಿಯೂ ಶಾಂತಿಯಿಲ್ಲ ಎಂಬ ನಂಬಿಕೆ. ಹೆಸರಿನ ತುಂಡು ಇರುವ ಬೇರೆ ಮಾತನ್ನೂ ಸುತ್ತಿಬಳಸಿ ಹೋಗುತ್ತಿದ್ದರು. ಸೋಮಲಿಂಗಪ್ಪನ ಹೆಂಡತಿಗೆ ಸೋಮವಾರವೂ ಬಾಯಿಗೆ ಬರುವಂತಿಲ್ಲ. ಮೊದಲ ಸಲ ಮದುವೆಯಾಗುವವರಿಗೆ ಒಂದು ದಾರಿಯಾದರೂ ಇತ್ತು. ಲಗ್ನದ ಸಡಗರದಲ್ಲಿ ಒಡಪು ಹಾಕಿಸುತ್ತಾರೆ, ಪದ್ಯದ ನಡುವೆ ಹೆಸರು ಸೇರಿಸಿ ಹೇಳಿ ಮುಖ ಮುಚ್ಚಿಕೊಳ್ಳುತ್ತಾರೆ. ಉಡಿಕೆಯವಳಿಗೆ ಆ ಸಡಗರ ಎಲ್ಲಿಯದು? ತಂಗೆವ್ವ ಆ ಹೆಸರನ್ನು ಒಡಪಿನಲ್ಲಿಯೂ ಒಮ್ಮೆ ಹೇಳಿದವಳಲ್ಲ.

ಇಷ್ಟು ಯೋಚನೆ ಮಾಡಿ. ಅಡಿಗೆಗೆ ಇದ್ದವಳಾಗಿದ್ದರೆ ಯಜಮಾನನ ಹೆಸರು ಹೇಳಲು ಆಕೆಗೇನು ಅಡ್ಡಿ? ಪಟ್ಟನೆ ಹೇಳಿ ಇಳಿಯುತ್ತಿದ್ದಳು. ಹೇಳಲಾಗದೆ ನಿಂತದ್ದೇ ಆಕೆ ಹೆಂಡತಿ ಎಂಬುದಕ್ಕೆ ಗುರುತು. ಇದು ಕರಡಿ ವಕೀಲರಿಗೂ ಗೊತ್ತು, ಗೊತ್ತಿದ್ದೇ ಕೇಳಿದ್ದರು. ನನ್ನ ದಸ್ತಗೀರಸಾಬರಿಗೂ ಗೊತ್ತು. ಅವರ ಮನೆಯಾಕೆ ಅವರನ್ನು ಮೂವತ್ತು ವರ್ಷದಿಂದ 'ಏನ್ರೀ' ಎಂದೇ ಕರೆಯುತ್ತಾರೆ.

ತಂಗೆವ್ವ ತಲೆಯೆತ್ತಿ ಪೀಠದ ಕಡೆ ನೋಡಿದಳು. ಒಂದು ಮಾತು ಸಾಕಿತ್ತು. 'ಯಾಕಮ್ಮಾ ಹೇಳೋದಿಲ್ಲ?' ಎಂಬ ಒಂದೇ ಮಾತು. ನನಗೆ ಕೆಳಗಿನಿಂದ ಆ ಗದ್ದ ಚೆನ್ನಾಗಿ ಕಾಣುತ್ತಿತ್ತು. ಅದು ಸ್ವಲ್ಪ ತೆರೆಯಿತು. 'ನ್ಯಾಯಾಲಯದ ಪ್ರಶ್ನೆ' ಎಂದು ಹೊಡೆಯಲು ದಸ್ತಗೀರಸಾಬರ ಬೆರಳು ನನ್ನ 'ನ'ದ ಮೇಲೆ ಬಂದು ನಿಂತಿತು. ಗದ್ದ ಮತ್ತೆ ಮುಚ್ಚಿಕೊಂಡಿತು. ಆಮೇಲೆ ಸಮನಾದ ದನಿಯಲ್ಲಿ ಬರೆಸಿದರು. 'ಗಂಡನ ಹೆಸರನ್ನು ಹೇಳುವಂತೆ ಕೇಳಿದಾಗ ಸಾಕ್ಷಿಯು ಉತ್ತರ ಕೊಡದೆ ಸುಮ್ಮನಿರುತ್ತಾಳೆ.'

ಇನ್ನು ಯಲಿಗಾರ ವಕೀಲರ ಸರದಿ. ಎದುರಾಳಿ ಕೆಡಿಸಿದ್ದನ್ನು ಸರಿಮಾಡಿಕೊಳ್ಳಲು ಅವರು ಮತ್ತೆ ಒಂದೆರಡು ಪ್ರಶ್ನೆ ಕೇಳಬಹುದಿತ್ತು. ನಾನು ಕಾದೆ. ಅವರು ಕೂತಲ್ಲಿಂದಲೇ "ಕೇಳೂದು ಏನೂ ಇಲ್ರಿ," ಎಂದುಬಿಟ್ಟರು. ಹೊರಗೆ ಬಂದು ದಸ್ತಗೀರಸಾಬರು ಮೆಲ್ಲಗೆ, "ಹೆಸರ ಯಾಕ ಹೇಳಲಿಲ್ಲ ಅನ್ನೂದನ್ನ ಬರಸಬೇಕಿತ್ತಲ್ರಿ," ಎಂದರೆ, ಯಲಿಗಾರರು ಹೆಗಲು ತಟ್ಟಿ ನಕ್ಕರಂತೆ. "ಸಾಬ್ರ, ಇದು ಕೂಸಿಗೂ ಗೊತ್ತಿದ್ದ ಮಾತು. ಇದನ್ನೇನ ಬರಸೂದ್ರಿ?" ಅವರು ಕೆಟ್ಟವರಲ್ಲ, ಸೋಮಾರಿಯೂ ಅಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹಾಳೆಗೂ ಗೊತ್ತು ಎಂದುಕೊಂಡರು. ನೆರೆಹೊರೆಯ ಸಾಕ್ಷಿಗಳ ವಿಷಯದಲ್ಲೂ ಹೀಗೇ ಆಯಿತು. ಆಕೆ ಆ ಮನೆಯಲ್ಲಿದ್ದಳು ಎಂದು ಇಬ್ಬರು ಹೇಳಿದರು. ಏನಾಗಿ ಇದ್ದಳು ಎಂದು ಯಾರೂ ಕೇಳಲಿಲ್ಲ.

ವಾದದ ದಿನ ಯಲಿಗಾರರು ಎದೆಯುಬ್ಬಿಸಿ ಹೇಳಿದರು. "ಗಂಡನ ಹೆಸರ ಆಕಿ ಹೇಳಲಿಲ್ಲ. ಅದಾ ಸ್ವಾಮಿ, ಆಕಿ ಹೇಣ್ತಿ ಅನ್ನೂದಕ್ಕ ಪುರಾವೆ."

"ಆ ರೂಢಿ ಇದೆ ಅಂತ ಯಾವ ಸಾಕ್ಷಿ ಹೇಳಿದ್ದಾನೆ? ಯಾವ ಪುಟದಲ್ಲಿದೆ?" ಎಂದರು ತಿರುನಾರಾಯಣ ಅವರು. ಅವರು ವಕೀಲರನ್ನು ಹೀಗೆ ಕೇಳುತ್ತಿದ್ದರು, ಸಾಕ್ಷಿಯನ್ನು ಮಾತ್ರ ಎಂದೂ ಕೇಳುತ್ತಿರಲಿಲ್ಲ.

ಯಲಿಗಾರರು ಕಡತದ ಹಾಳೆ ತಿರುವಿದರು. "ಪುಟದಾಗ ಇಲ್ರಿ. ಆದ್ರ ತಮಗೂ ಗೊತ್ತಿರತೈತಿ."

"ಗೊತ್ತಿದೆ. ನಮ್ಮ ತಾಯಿ ನಮ್ಮ ತಂದೆ ಹೆಸರನ್ನ ಸಾಯೋ ತನಕ ಹೇಳಲಿಲ್ಲ. ಆದರೆ ನಾನು ಈ ದಾವೆಯಲ್ಲಿ ಸಾಕ್ಷಿ ಅಲ್ಲ. ನನಗೆ ಗೊತ್ತಿರೋದನ್ನ ನಾನೇ ಪುರಾವೆ ಮಾಡಿಕೊಂಡರೆ, ನಾಳೆ ನನಗೆ ಗೊತ್ತಿದೆ ಅನ್ನಿಸಿದ್ದನ್ನೆಲ್ಲ ಮಾಡಿಕೊಳ್ತೀನಿ."

"ಹಂಗಾರ ಆಕಿನ್ನ ಮತ್ತೊಮ್ಮಿ ಕರಸ್ರಿ. ತಾವ ಒಂದ ಮಾತ ಕೇಳ್ರಿ. ಕಾಯ್ದೆದಾಗ ಅವಕಾಶ ಐತಿ."

"ಅವಕಾಶ ಇದೆ," ಎಂದರು. "ಹಾಲಪ್ಪನನ್ನು ಕೇಳಿದವರಿಗೂ ಅದೇ ಅವಕಾಶ ಇತ್ತು ವಕೀಲರೇ. ಅವರೂ ಒಳ್ಳೇದಕ್ಕೇ ಕೇಳಿದರು. ನಿಮ್ಮ ಪುರಾವೆಯಲ್ಲಿ ಬಿಟ್ಟ ಜಾಗವನ್ನ ನಾನು ತುಂಬಿದರೆ ಎದುರಿನವನು ಯಾರ ಹತ್ತಿರ ಹೋಗಬೇಕು?"

ಅವರಿಗೂ ಸುಲಭವಾಗಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ತೀರ್ಪನ್ನು ಎರಡು ಸಲ ಮುಂದಕ್ಕೆ ಹಾಕಿದರು. ಕೊನೆಗೆ ತಮ್ಮ ಕೋಣೆಗೆ ನನ್ನನ್ನು ಹೊರಿಸಿಕೊಂಡು ಹೋಗಿ ದಸ್ತಗೀರಸಾಬರನ್ನು ಕೂರಿಸಿ ಬರೆಸತೊಡಗಿದರು. 'ವಾದಿಯು ಮೃತನ ಪತ್ನಿಯೆಂಬುದನ್ನು ಸಾಬೀತುಪಡಿಸಲು ವಿಫಲಳಾಗಿದ್ದಾಳೆ. ತನ್ನ ಗಂಡನೆಂದು ಹೇಳಿಕೊಳ್ಳುವವನ ಹೆಸರನ್ನೂ ಆಕೆ ಹೇಳಿರುವುದಿಲ್ಲ.' ಎರಡನೆಯ ವಾಕ್ಯಕ್ಕೆ ಬಂದಾಗ ದಸ್ತಗೀರಸಾಬರ ಕೈ ನಿಂತಿತು. ಸಾಹೇಬರು ಕಿಟಕಿಯ ಕಡೆ ತಿರುಗಿ, "ಹೊಡೀರಿ," ಎಂದರು. ಅವರು ಹೊಡೆದರು. ಆ ಒಂದು ಸಾಲನ್ನು ಎಷ್ಟು ಜೋರಾಗಿ ಗುದ್ದಿದರೆಂದರೆ ಕಾರ್ಬನ್ ಹಾಳೆ ತೂತಾಯಿತು. ಮೊದಲು ಹೇಳಿದೆನಲ್ಲ, ಅದೇ ಆ ದಿನ. ನನಗೆ ನೋವಾಗಲಿಲ್ಲ. ನನಗೂ ಯಾರನ್ನಾದರೂ ಗುದ್ದಬೇಕು ಅನ್ನಿಸುತ್ತಿತ್ತು.

ಮರುದಿನ ತೆರೆದ ಕೋರ್ಟಿನಲ್ಲಿ ಓದಿದರು. ಯಲಿಗಾರರು ತಲೆ ತಗ್ಗಿಸಿಕೊಂಡು ತಂಗೆವ್ವನ ಹತ್ತಿರ ಹೋಗಿ ಅರ್ಥ ಹೇಳಿದರು. "ದಾವೆ ವಜಾ ಆತವ್ವಾ. ಅವ್ರು ನಿನ್ನ ಗಂಡ ಅಲ್ಲಾ ಅಂತ ಆತು."

"ಅಲ್ಲಾ ಅಂತ ಬರದ್ರ್ಯಾ?"

"ಹೂಂನವ್ವಾ."

"ಕಾಗದದ ಮ್ಯಾಲ?"

"ಕಾಗದದ ಮ್ಯಾಲ."

ಆಕೆ ಅಳುತ್ತಾಳೆ ಎಂದುಕೊಂಡೆ. ಮಹಾರುದ್ರಪ್ಪನನ್ನು ಶಪಿಸುತ್ತಾಳೆ ಎಂದುಕೊಂಡೆ. ಆಕೆ ಎರಡನ್ನೂ ಮಾಡಲಿಲ್ಲ. ತಲೆಯ ಮೇಲಿನ ಸೆರಗನ್ನು ಹೆಗಲಿಗೆ ಇಳಿಸಿದಳು. ನಡೆದು ಬಂದು ನನ್ನ ಮೇಜಿನ ಮುಂದೆ, ಪೀಠಕ್ಕೆ ಎದುರಾಗಿ ನಿಂತಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

"ಸೋಮಲಿಂಗಪ್ಪ."

ಹೇಳುವಾಗ ಆಕೆಯ ತುಟಿ ತಡವರಿಸಿತು. ಹದಿನೇಳು ವರ್ಷ 'ಅವರು' ಎಂದು ಮಾತ್ರ ಅಂದ ಬಾಯಿಗೆ ಆ ಹೆಸರಿನ ರೂಢಿ ಇರಲಿಲ್ಲ. ಮತ್ತೊಮ್ಮೆ, ನೆಟ್ಟಗೆ ಹೇಳಿದಳು. "ಸೋಮಲಿಂಗಪ್ಪ ರಾಚಪ್ಪ ಬಾದವಾಡಗಿ."

ಹಿಂದಿನ ಬೆಂಚಿನಲ್ಲಿ ಸಂತೆಪೇಟೆಯ ಹೆಂಗಸರು ಇಬ್ಬರಿದ್ದರು, ಬಾಯಿಗೆ ಸೆರಗು ಒತ್ತಿಕೊಂಡರು. ಕರಡಿ ವಕೀಲರು ಕಾಗದ ಜೋಡಿಸುವ ನೆವದಲ್ಲಿ ತಲೆ ಬಗ್ಗಿಸಿದರು. ಆಗ ಮೇಲಿನಿಂದ ದನಿ ಬಂತು. ತಿರುನಾರಾಯಣ ಅವರು ಮುಂದಕ್ಕೆ ಬಾಗಿದ್ದರು. ಪೀಠದ ಮೇಲೆ ಅವರ ಮುಖ ಪೂರ್ತಿ ನನಗೆ ಕಂಡದ್ದು ಅದೊಂದೇ ಸಲ.

"ಅವತ್ತು ಯಾಕಮ್ಮಾ ಹೇಳಲಿಲ್ಲ?"

ನಮ್ಮ ಕೋರ್ಟಿನಲ್ಲಿ ಕಕ್ಷಿದಾರರೊಬ್ಬರನ್ನು ಅವರು ಕೇಳಿದ ಮೊದಲ ಪ್ರಶ್ನೆ ಅದು. ದಸ್ತಗೀರಸಾಬರ ಕೈ ತಾನಾಗಿ ನನ್ನ ಮೇಲೆ ಬಂತು. ಆದರೆ ನನ್ನಲ್ಲಿ ಹಾಳೆಯಿರಲಿಲ್ಲ. ತೀರ್ಪಿಗೆ ಸಹಿ ಬಿದ್ದಿತ್ತು. ಅದಾದ ಮೇಲೆ ಆಡಿದ ಮಾತು ಯಾವ ದಾಖಲೆಗೂ ಸೇರುವುದಿಲ್ಲ.

ತಂಗೆವ್ವ ಪೀಠದ ಕಡೆ ನೋಡಿದಳು. ಆಕೆಗೆ ಸಿಟ್ಟಿರಲಿಲ್ಲ. ಗೊತ್ತಿಲ್ಲದವರಿಗೆ ದಾರಿ ಹೇಳುವ ಹಾಗೆ ಹೇಳಿದಳು.

"ಅವತ್ತ ಅವರು ನನ್ನ ಗಂಡ ಆಗಿದ್ರು ಸಾಹೇಬ್ರ."

ಆಮೇಲೆ ಬಾಗಿಲ ಕಡೆ ಹೋದಳು. ಸೆರಗನ್ನು ಮತ್ತೆ ತಲೆಗೆ ಹೊದೆಯಲಿಲ್ಲ.

ಯಲಿಗಾರರು ಅಪೀಲು ಹಾಕುತ್ತೇನೆ ಎಂದು ಎರಡು ಸಲ ಹೇಳಿ ಕಳಿಸಿದರಂತೆ. "ಅಲ್ಲೂ ಹೆಸರ ಕೇಳತಾರ, ಮತ್ತ ಹೇಳಾಕ ನನ್ನಿಂದ ಆಗಂಗಿಲ್ಲ," ಎಂದಳಂತೆ. ಬಾಗಲಕೋಟೆ ಕಡೆ ತಂಗಿಯ ಊರಿಗೆ ಹೋದಳು. ಎರಡು ವರ್ಷಕ್ಕೆ ಸತ್ತಳು ಎಂಬ ಸುದ್ದಿಯನ್ನು ದಸ್ತಗೀರಸಾಬರು ನನ್ನ ಮೇಲಿನ ಧೂಳು ಒರೆಸುತ್ತಾ ಯಾರಿಗೋ ಹೇಳಿದರು. ಅಂದು ಅವರ ಕಣ್ಣು ತೇವವಾಗಿತ್ತು.

ತಿರುನಾರಾಯಣ ಅವರು ಆ ದಿನದಿಂದ ಬೇರೆ ಮನುಷ್ಯರಾದರು ಎಂದರೆ ಕಥೆ ಚೆನ್ನಾಗಿರುತ್ತದೆ. ಅವರು ಆಗಲಿಲ್ಲ. ವರ್ಗವಾಗಿ ಹೋಗುವವರೆಗೂ ಕುರ್ಚಿಗೆ ಆನಿಕೊಂಡೇ ಕೂತರು, ಒಬ್ಬ ಸಾಕ್ಷಿಯನ್ನೂ ಕೇಳಲಿಲ್ಲ. ಆದರೆ ಯಾವುದಾದರೂ ಹೆಂಗಸು ಕಟಕಟೆಯಲ್ಲಿ ಸುಮ್ಮನಾದಾಗ ಅವರ ಗದ್ದ ನಡುಗುತ್ತಿತ್ತು. ಅದು ನನಗೊಬ್ಬಳಿಗೇ ಕಾಣುತ್ತಿತ್ತು.

ಆಮೇಲೆ ಎಷ್ಟೋ ಸಾಹೇಬರು ಬಂದರು, ಕೆಲವರು ಬಾಗಿ ಕೂತರು, ಕೆಲವರು ಆನಿಕೊಂಡು. ದಸ್ತಗೀರಸಾಬರು ನಿವೃತ್ತರಾದರು. ಹೋಗುವ ದಿನ ನನ್ನ ಕೀಲಿಗೆಲ್ಲ ಎಣ್ಣೆ ಬಿಟ್ಟು ಬಟ್ಟೆ ಹೊದಿಸಿ ಹೋದರು. ಕಂಪ್ಯೂಟರ್ ಬಂತು. ನನ್ನ ರಿಬ್ಬನ್ ಪೇಟೆಯಲ್ಲಿ ಸಿಗದಾಯಿತು. ಮುರಿದ ಬೆಂಚು, ತುಕ್ಕು ಹಿಡಿದ ಫ್ಯಾನಿನ ಜೊತೆ ನನ್ನನ್ನೂ ಹರಾಜು ಹಾಕಿದರು. ಈಗ ಒಂದು ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ಅಂಗಡಿಯವನು ನನ್ನ ಮೇಲೆ ಚಹಾದ ಲೋಟ ಇಡುತ್ತಾನೆ. ಬೆಚ್ಚಗಿರುತ್ತದೆ, ದೂರುವುದಿಲ್ಲ.

ನ್ಯಾಯಾಧೀಶರಾದವರು ಕೇಳಬೇಕೋ, ಸುಮ್ಮನಿರಬೇಕೋ ಎಂದು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಜಗಳವಿದೆಯಂತೆ. ವಕೀಲರು ವಾದ ಮಾಡುವಾಗ ಕೇಳಿದ್ದೇನೆ, ಎರಡು ಕಡೆಯೂ ಬುದ್ಧಿವಂತರಿದ್ದಾರೆ. ನಾನು ಕಬ್ಬಿಣದವಳು, ನನಗೆ ಗೊತ್ತಿರುವುದು ಇಷ್ಟೇ. ಹಾಲಪ್ಪನ ಗೋಡೆ ಕೇಳಿದ್ದರಿಂದ ಹೋಯಿತು, ತಂಗೆವ್ವನ ಗಂಡ ಕೇಳದ್ದರಿಂದ ಹೋದ. ಎರಡನ್ನೂ ಬರೆದದ್ದು ನಾನೇ. ಹಾಲಪ್ಪನದರಲ್ಲಿ ಎರಡು ಮಾತು ಬಿಟ್ಟಿದ್ದೆ, ಆ ತಪ್ಪು ನನಗೆ ಗೊತ್ತು. ತಂಗೆವ್ವನದರಲ್ಲಿ ನಾನು ಒಂದು ಅಕ್ಷರವನ್ನೂ ತಪ್ಪಾಗಿ ಬರೆಯಲಿಲ್ಲ. ಆಕೆ ಸುಮ್ಮನಿದ್ದಳು, ಸುಮ್ಮನಿದ್ದಳೆಂದೇ ಬರೆದೆ. ನನ್ನನ್ನು ಹೆಚ್ಚು ಸುಡುವುದು ಅದೇ.

ಆ ಹಾಳೆ ಕೋರ್ಟಿನ ದಾಖಲೆ ಕೋಣೆಯಲ್ಲಿ ಇನ್ನೂ ಇರಬಹುದು. ಆ ದಿನ ಅಲ್ಲಿದ್ದವರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಇನ್ನು ಮುಂದೆ ಆ ಕಟ್ಟು ಬಿಚ್ಚಿ ಓದಿದವರಿಗೆ ತಂಗೆವ್ವ ಅಂದರೆ ಗಂಡನ ಹೆಸರೇ ಗೊತ್ತಿಲ್ಲದಿದ್ದ ಒಬ್ಬ ಹೆಂಗಸು.